ಕೋವಿಯ ಮರ

ನಳಿಗೆ ಮನೆಯಲ್ಲೇ ಇದೆ, ಮರ ಮಾತ್ರ ತಂದೆ ಅಂದ
ಹೈತಮ್, ಹದಿನೇಳರ ಹುಡುಗ,
ಬಹ್ಲಾದ ನನ್ನ ಕೋಣೆಯ ಬಾಗಿಲಲ್ಲಿ
ಬೆಡ್‌ಶೀಟಿನ ಸುತ್ತು ಬಿಚ್ಚುತ್ತ.
ಶುಕ್ರವಾರ. ನಮಾಜು ಮುಗಿದಿತ್ತು.
ನನ್ನ ಅನ್ನ ಇನ್ನೂ ಬಸಿದಿರಲಿಲ್ಲ.

ಮದುವೆಯ ಕುಣಿತದಲ್ಲಿ ಮೇಲಕ್ಕೆಸೆದನಂತೆ ಅಜ್ಜನ ಕೋವಿ.
ಎರಡು ಸುತ್ತು ತಿರುಗಿತಂತೆ.
ಕಣ್ಣಿಗೆ ಬಿಸಿಲು ಬಿತ್ತಂತೆ.
ಉಳಿದದ್ದನ್ನು ಬಿರುಕೇ ಹೇಳಿತು:
ಕತ್ತಿನಿಂದ ಓರೆಯಾಗಿ, ಎಳೆ ಹಿಡಿದು,
ಹೆಬ್ಬೆರಳು ಕೂರುವ ತಾವಿನ ತನಕ.

ಮರ ಸುಳ್ಳು ಹೇಳದು ಅನ್ನುತ್ತಾರೆ. ಹೇಳುತ್ತದೆ.
ಮೇಲೆ ಹೊಳೆಯುತ್ತ, ಒಳಗೆ ಎಣ್ಣೆ ಕುಡಿದು ಕೂತಿರುತ್ತದೆ;
ಅಜ್ಜನ ಕಾಲದ ಎಣ್ಣೆ, ಯಾವ ಅಂಟಿಗೂ ಬಗ್ಗದು.
ಸೀಮೆಸುಣ್ಣ ಅರೆದು, ಮೆತ್ತಿ, ತಾರಸಿಯಲ್ಲಿಟ್ಟೆ.
ಇಷ್ಟು ಬಿಸಿಲಿಗೆ ಒಂದಾದರೂ ಕೆಲಸ ಹೇಳಬೇಕಲ್ಲ.
ಸಂಜೆಗೆ ಸುಣ್ಣ ಕಾಫಿಯ ಗಸಿಯ ಹಾಗೆ ಕಂದಾಗಿತ್ತು.

ಬಿರುಕನ್ನು ಕೊಂಚ ಅಗಲಿಸಿ
ಹುಡುಗನ ಕೈಗೆ ಟಾರ್ಚು ಕೊಟ್ಟೆ.
ಒಳಗೊಂದು ಬೆಣೆ.
ಯಾರೋ ಮೊದಲೇ ಕೂಡಿಸಿದ್ದರು, ಇದೇ ಜಾಗದಲ್ಲಿ.
ಉಳಿಯ ತುದಿಯಿಂದ ಕೆರೆದು ಮೂಸಿದೆ.
ಹೊರಗಿನದು ಅಕ್ರೋಟು, ಇದು ಸಾಗುವಾನಿ,
ಯಾವ ಹಡಗಿನ ಹಲಗೆಯದೋ.
ಟಾರ್ಚಿನ ಬೆಳಕು ಅಲ್ಲಾಡಿತು.
"ಅಂದರೆ ಅಜ್ಜನೂ..."
ಬೀಳದೆಯೂ ಮರ ಒಡೆಯುತ್ತದೆ ಅಂದೆ,
ಅವನಿಗೆ ಕೇಳಿಸಿದಂತಿರಲಿಲ್ಲ.

ಹಳೆ ಬೆಣೆ ತೆಗೆಯಲಿಲ್ಲ. ಅದರ ಪಕ್ಕದಲ್ಲೇ ಕೊರೆದೆ.
ಪೆಟ್ಟಿಗೆಯ ತಳದಲ್ಲಿ ಮುರಿದ ಉಳಿಯ ಹಿಡಿಯೊಂದಿತ್ತು,
ಬಾರ್ಕೂರಿನಿಂದ ಬರುವಾಗ ಸುಮ್ಮನೆ ಜೊತೆಗೆ ಬಂದದ್ದು.
ಸೀಳಿ, ಉರುಟು ಮಾಡಿ, ಅಂಟು ಸವರಿ ಇಳಿಸಿದೆ.
ಸೈಕಲ್ ಟ್ಯೂಬು ಬಿಗಿದು ಸುತ್ತಿದೆ.
ನಾಳೆ ತನಕ ಮುಟ್ಟಬೇಡ ಅಂದೆ, ಅವನಿಗೋ, ನನಗೋ.
ರಾತ್ರಿ ಒಮ್ಮೆ ಎದ್ದು
ಕೆನ್ನೆ ತಾಗಿ ತಾಗಿ ಸವೆದ ಗುಳಿಗೆ
ನನ್ನ ಕೆನ್ನೆ ಇಟ್ಟು ನೋಡಿದೆ. ಹೊಂದಲಿಲ್ಲ.
ಎದುರಿಗೆ ಕಂಡದ್ದು ಏಸಿಯ ಹಸಿರು ದೀಪ.

ಸೋಮವಾರ ಖಲ್ಫಾನ್ ಅಜ್ಜನೇ ಬಂದ, ಮೊಮ್ಮಗ ಹಿಂದೆ.
ಮರವನ್ನು ಮಡಿಲಲ್ಲಿಟ್ಟು ಹೆಬ್ಬೆರಳು ಎಳೆದ.
ಕಣ್ಣಿಗೆ ಕಾಣದಂತೆ ಉಜ್ಜಿದ್ದೆ ನಾನು;
ಬೆರಳು ಅಲ್ಲೇ ನಿಂತಿತು.
ಬಹಳ ಹೊತ್ತಾದ ಮೇಲೆ, ನನ್ನನ್ನಲ್ಲ, ಹುಡುಗನನ್ನು ನೋಡಿ:
"ಎಸೆಯುವಾಗ ಬಿಸಿಲು ಬೆನ್ನಿಗಿರಬೇಕು."
ಅಷ್ಟೇ.

ಮೆಟ್ಟಿಲಿಳಿಯುವಾಗ ನೆನಪಾಗಿ ಕೂಲಿ ಕೇಳಿದ.
ಮೂರು ರಿಯಾಲ್ ಅಂದೆ.
ಐದು ಅನ್ನಬಹುದಿತ್ತು.