ತಾಳೆ ನೋಡಿದವರು

ಶಿಕಾರಿಪುರದಿಂದ ಶಿವಮೊಗ್ಗದವರೆಗೆ
ಸಿಪಿಯು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು
ಪತ್ರಬರಹದ ಹುಚ್ರಾಯಪ್ಪ.
ಆದರೂ ಲಗೇಜು ಹಾಕಿದನಂತೆ ಕಂಡಕ್ಟರು.
"ನಕಲು ಏಳ್ತಾ ಇಲ್ಲ ಕಣಮ್ಮ" ಎಂದರು
ಆಸ್ಪತ್ರೆಯಲ್ಲಿ ಮಾತಾಡುವಷ್ಟು ಮೆಲ್ಲಗೆ.

ನನ್ನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಗೆ.
ಎರಡೂ ಡಿಸ್ಕು ಬಿಚ್ಚಿ ಮೇಜಿನ ಮೇಲಿಟ್ಟೆ.
ಒಂದೇ ಕಂಪನಿ, ಒಂದೇ ತೂಕ.
ಒಂದಕ್ಕೆ ಚೀಟಿ: ಅಸಲು. ಇನ್ನೊಂದಕ್ಕೆ: ನಕಲು.
ಎರಡಕ್ಕೂ ತಾರೀಖು ಹಾಕಿ ರುಜು.

ಕೇಬಲ್ಲು ಬದಲಿಸಿದೆ. ಬೂಟಿನ ಸರದಿ ತಿದ್ದಿದೆ.
ಕರಿ ಪರದೆ; ಮೂಲೆಯಲ್ಲೊಂದು ಬಿಳಿ ಗೀಟು
ಮಿಟುಕುತ್ತದೆ, ಮಿಟುಕುತ್ತದೆ, ಮುಂದೆ ಮಾತಿಲ್ಲ.
ಒಳಹೊಕ್ಕು ನೋಡಿದರೆ ಎಲ್ಲ ಇದೆ:
ಕ್ರಯ, ದಾನ, ಭೋಗ್ಯ, ಅಣ್ಣತಮ್ಮಂದಿರ ವಿಭಾಗ,
ಯಾರದೋ ಬಾವಿಯ ಅರ್ಧ ಹಕ್ಕು.
ಇಲ್ಲದ್ದು ಮೊದಲಿನ ನೂರು ಎಂಬಿ,
ಯಂತ್ರ ಕಾಲಿಟ್ಟು ಒಳಬರುವ ಜಾಗ.
"ಮನೆ ನಕಲಾಗಿದೆ ಸಾರ್, ಹೊಸ್ತಿಲು ಆಗಿಲ್ಲ."
"ಅಂದ್ರೆ ಚಕ್ಕುಬಂದಿ ಬರೀದೆ ಬಿಟ್ಟ ಹಾಗೆ.
ಇನ್ನೊಂದ್ಸಲ ಅಸಲಿನಿಂದ ಪೂರ್ತಿ ಇಳಿಸಿಬಿಡು."

ಸರಿ ಎಂದೆ. ಬೆರಳು ಎಂಟರ್ ಮೇಲಿತ್ತು.
ಸುಮ್ಮನೆ ಕೇಳಿದೆ, ಕೊನೆಗೆ ಬರೆದ ಪತ್ರ ಯಾವುದು?
"ಹೋದ ಗುರುವಾರ. ಈಸೂರಿನ ಸೈಟು."
ಅಸಲಿನಲ್ಲಿ ಹುಡುಕಿದೆ. ಇಲ್ಲ.
ಯುಗಾದಿಯ ಮರುದಿನಕ್ಕೆ ನಿಂತಿದೆ ಅಸಲು,
ನಕಲು ತೆಗೆದ ದಿನ ಅದು.
ಆಮೇಲಿನ ಐದು ತಿಂಗಳು ಪೂರಾ ನಕಲಿನಲ್ಲಿ.

ಎರಡಕ್ಕೂ ಒಂದೇ ಗುರುತಿನ ಸಂಖ್ಯೆ,
ಒಂದೇ ಸರ್ವೆ ನಂಬರಿಗೆ ಎರಡು ಖಾತೆ.
ಅಸಲಿನ ಹೊಸ್ತಿಲು ದಾಟಿ
ದಿನಾ ನಕಲಿನ ಮನೆಯಲ್ಲಿ ಕೂತು ಬರೆದಿದ್ದಾರೆ.
ಜೋಪಾನ ಮಾಡೋಣವೆಂದು ಅಸಲನ್ನು ಬಿಚ್ಚಿದಾಗ
ಬಾಗಿಲೂ ಅದರ ಜೊತೆ ಬೀರುವಿಗೆ ಹೋಯಿತು.

ಬೆರಳು ತೆಗೆದೆ. ಅಂಗೈ ಒದ್ದೆ.
ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.
"ನಕಲಿನ ಕೆಳಗೆ ಬರೀಬೇಕು, ಓದಿದವರು, ತಾಳೆ ನೋಡಿದವರು.
ಎರಡೂ ಕಡೆ ನಾನೇ ರುಜು ಹಾಕ್ತಿದ್ದೆ."

ಮೊದಲು ಮೂರನೆಯದೊಂದಕ್ಕೆ ಆ ಐದು ತಿಂಗಳು ಇಳಿಸಿಟ್ಟೆ.
ಹೊಸ್ತಿಲು ಕೂಡಿಸಿದೆ. ಸಂಖ್ಯೆ ಬೇರೆ ಮಾಡಿದೆ.
ಎದ್ದಿತು.

ಚೀಟಿ ಕೀಳಲಿಲ್ಲ ಹುಚ್ರಾಯಪ್ಪ.
ಎರಡಕ್ಕೂ ಗೀಟು ಹೊಡೆದು, ಮೇಲೆ ಅದಲುಬದಲು ಬರೆದು,
ಅಂಚಿನಲ್ಲಿ: ಹೊಡೆದದ್ದು ಎರಡು, ಸೇರಿಸಿದ್ದು ಎರಡು.
ಪೆನ್ನು ನನ್ನ ಕಡೆ ಚಾಚಿದರು.
"ಸಾಕ್ಷಿ ಹಾಕು. ಹೆಸರು ಬಿಡಿಸಿ ಬರಿ."
ಜುಬೇದಾ, ದುರ್ಗಿಗುಡಿ, ಎಂದು ಬರೆದೆ.
ಹೊರಗಿಳಿದು, ಅಂಗಡಿಯ ಬೋರ್ಡಿಗೂ ಅದಕ್ಕೂ
ತಾಳೆ ನೋಡಿ
ಆಮೇಲೆ ಚೀಲಕ್ಕೆ ಹಾಕಿಕೊಂಡರು.