ಬಳಕೆಯಲ್ಲಿದೆ

ಇಲಾಖೆಯ ನಕ್ಷೆಯಲ್ಲಿ ಅದೊಂದು ಚುಕ್ಕಿ ಗೆರೆ.
ನಗರದ ಕೋಟೆಯ ಬೆನ್ನಿಂದ ಹೊರಟು
ಘಟ್ಟದಂಚಿಗೆ ಬರುವಷ್ಟರಲ್ಲಿ ಮಸಿ ತೀರಿದಂತೆ ನಿಂತದ್ದು.
ಉಳಿದದ್ದನ್ನು ನಡೆದು ತುಂಬಿ ಎಂದು ಆದೇಶ.

ಜೊತೆಗೆ ಬಂದ ವಾಚರ್ ಗುತ್ಯಪ್ಪ
ಮೊದಲ ಹಾಸುಗಲ್ಲು ಸಿಕ್ಕಲ್ಲೇ ಚಪ್ಪಲಿ ಕಳಚಿ ಚೀಲಕ್ಕೆ ಹಾಕಿದ.
ದೇವರ ಜಾಗವೇ? ಎಂದೆ.
"ಅಲ್ಲ ಮೇಡಂ, ಚಪ್ಲಿ ಹಾಕ್ಕಂಡ್ರೆ
ಬೇರು ಯಾವ್ದು ಕಲ್ಲು ಯಾವ್ದು ಗೊತ್ತಾಗದಿಲ್ಲ."

ನನ್ನ ಕೈಯ ಯಂತ್ರ ಉಪಗ್ರಹ ಹುಡುಕುತ್ತಿತ್ತು
ಮತ್ತಿ, ನಂದಿ, ಹೊನ್ನೆಗಳ ಎಲೆಸಂದಿಯಲ್ಲಿ.
ಅವನ ಅಂಗಾಲು ದರಗಿನಡಿಯ ಕಲ್ಲು ತಡವಿಕೊಂಡು
ಆಗಲೇ ಎರಡು ತಿರುವು ಮುಂದಿತ್ತು.

ನೆಟ್ಟಗೆ ಹೋಗುವ ದಾರಿಯಲ್ಲ ಇದು.
ಹೇರೆತ್ತಿಗೆ ಎಲ್ಲಿ ಉಸಿರು ಕಟ್ಟಿತೋ ಅಲ್ಲಿ ಹೊರಳುತ್ತದೆ.
ಹಳ್ಳ ಕಂಡರೆ ಪಕ್ಕದಲ್ಲೇ ಸ್ವಲ್ಪ ದೂರ ಸುಮ್ಮನೆ ನಡೆದು
ದಾಟಲೋ ಬೇಡವೋ ಎಂದು ಯೋಚಿಸಿ
ಆಮೇಲೆ ದಾಟುತ್ತದೆ.

ಕೆಳಗಿನಿಂದ ಉಪ್ಪು, ಮೇಲಿನಿಂದ ಮೆಣಸು,
ನಡುವೆ ಯಾರ ಸುಖದುಃಖವನ್ನೂ ಕೇಳದ ಸುಂಕದ ಕಲ್ಲು:
ಈಗ ಮಕಾಡೆ ಬಿದ್ದಿದೆ, ಅಕ್ಷರದ ಕಡೆ ಮಣ್ಣಿಗೆ.
ಇಬ್ಬರೂ ಎತ್ತಿ ನೋಡಿದೆವು. ಏಳಲಿಲ್ಲ.
ಹೇರಿಗೆ ಎಷ್ಟು ಎಂಬುದು ಗೆದ್ದಲಿಗೆ ಮಾತ್ರ ಗೊತ್ತು.

ಹೊರೆಗಲ್ಲು ಮಾತ್ರ ನಿಂತಿತ್ತು, ಎದೆಯೆತ್ತರ.
ಗುತ್ಯಪ್ಪ ಚೀಲವನ್ನು ಅದರ ಮೇಲಿಟ್ಟು ಬುತ್ತಿ ಬಿಚ್ಚಿದ.
ಕಡುಬು, ಮಿಡಿ ಉಪ್ಪಿನಕಾಯಿ.
ನನಗೂ ಎರಡು ಕೊಟ್ಟ.

ತಿನ್ನುವಾಗ ಕಂಡಿತು ಹಾಸಿನ ನಡುವೆ ಸಗಣಿ,
ತಟ್ಟೆಯಗಲ, ಇನ್ನೂ ಹಬೆಯಾಡುತ್ತ.
"ಕಾಟಿ. ದಿನಾ ಇದೇ ಹೊತ್ತಿಗೆ.
ಗೋಣಿ ತೂತಾಗಿ ಸೋರಿದ ಉಪ್ಪು, ಕಲ್ಲು ಇನ್ನೂ ಬಿಟ್ಟಿಲ್ವಂತೆ,
ನೆಕ್ಕಕ್ಕೆ ಬರ್ತಾವೆ. ನಮ್ಮಜ್ಜಿ ಹೇಳ್ತಿದ್ದದ್ದು.
ನಂಬದು ಬಿಡದು ನಿಮಗೆ."

ಮುಂದೆ ಹಿನ್ನೀರು.
ದಾರಿ ತಡೆಯದೆ ಒಳಗಿಳಿಯಿತು.
ಒಂದು ಕಲ್ಲು ಒಣಗಿದ್ದು, ಒಂದು ಒದ್ದೆ, ಒಂದು ಪಾಚಿ,
ಆಮೇಲೆ ಬರೀ ಊಹೆ.
ಆಚೆ ದಡದಲ್ಲಿ ಮತ್ತೆ ಹತ್ತಿದಂತೆ ಕಂಡಿತು,
ಅಥವಾ ದನ ನಡೆದ ಜಾಡೋ ಏನೋ.
ಗುತ್ಯಪ್ಪ ಚಪ್ಪಲಿ ಮೆಟ್ಟಿದ.

ವರದಿಯ ಹನ್ನೊಂದನೇ ಕಾಲಂ: ರಸ್ತೆಯ ಈಗಿನ ಸ್ಥಿತಿ.
'ಬಳಕೆಯಲ್ಲಿದೆ' ಎಂದು ಬರೆದೆ.
ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು ವಾಪಸು ಬಂತು:
'ಯಾರಿಂದ?'

ಬರೆಯದೆ ಉಳಿಸಿಕೊಂಡದ್ದು ಇಷ್ಟು.
ಅವನು ಕೈ ತೊಳೆಯಲು ಹಳ್ಳಕ್ಕಿಳಿದಾಗ
ಮೊಣಕಾಲೂರಿ, ಗೊರಸು ಸವೆಸಿದ ಗುಳಿಗೆ
ನಾಲಿಗೆ ತಾಗಿಸಿದೆ.
ಉಪ್ಪಿತ್ತು.
ಉಪ್ಪಿನಕಾಯಿ ತಿಂದ ಬಾಯಿ ನನ್ನದು, ನಿಜ.
ಆದರೂ ಇತ್ತು.