ಉದುರು ಕಡ್ಡಿಯ ಲೆಕ್ಕ

ಮೊಸೆಲ್ ಹೊಳೆಯ ದಂಡೆ, ಅರಣ್ಯ ಕೋರ್ಟು, ಬುಧವಾರ.
ನಾನು ಗುಮಾಸ್ತ. ಕಳ್ಳತನ ಎಂಬ ಪದವನ್ನು
ದಿನಕ್ಕೆ ನಲವತ್ತು ಸಲ ಬರೆದೂ ಬರೆದೂ
ಅದರ ಕೊನೆಯಕ್ಷರ ಬರೀ ಗೀಟಾಗಿದೆ.

ಹೋದ ವರ್ಷದವರೆಗೆ ಇದಕ್ಕೆ ಬೇರೆ ಹೆಸರಿತ್ತು,
ಪುರಳೆ ಆಯುವುದು ಎನ್ನುತ್ತಿದ್ದೆವು.
ನಮ್ಮಮ್ಮನೂ ಆಯ್ದವಳೇ, ನನ್ನನ್ನು ಬೆನ್ನಿಗೆ ಕಟ್ಟಿಕೊಂಡು.
ಮರ ಬೇಡವೆಂದು ಬಿಟ್ಟದ್ದು, ಗಾಳಿ ಕೆಳಗಿಟ್ಟದ್ದು
ಬಗ್ಗಿದವರ ಪಾಲು.
ಆಮೇಲೆ ದೂರದ ಊರಲ್ಲಿ ಯಾರೋ ಕೈಯೆತ್ತಿದರು,
ಯಾರೋ ಎಣಿಸಿದರು, ಸಹಿಯಾಯಿತು.
ಬೀಚ್ ಮರಗಳಿಗೆ ಯಾರೂ ಹೇಳಲಿಲ್ಲ.
ಅವು ಎಂದಿನಂತೆ ಉದುರಿಸಿದವು.

ಅಪೊಲೋನಿಯಾ ಥೀಸೆನ್, ವಿಧವೆ, ಐವತ್ತಾರು.
ಕಟಕಟೆ ಹತ್ತಿ ಮೊದಲು ಮಾಡಿದ್ದು
ಅದರ ಮರವನ್ನು ಬೆರಳಲ್ಲಿ ತಟ್ಟಿ ನೋಡಿದ್ದು.
ಚೆನ್ನಾಗಿ ಒಣಗಿದೆ, ಅಂದಳು.
ಬರೆಯಲೇ ಎಂದು ಕತ್ತೆತ್ತಿದೆ. ಬೇಡವೆಂದರು.

ನೋಡಿದವನು ಕಾವಲುಗಾರ, ಹಿಡಿದವನು ಅವನೇ,
ಬೆಲೆ ಕಟ್ಟುವವನೂ ಅವನೇ.
ಹೊರೆಗೆ ಆರು ಕಾಸು ಎಂದ.
ದಂಡ ಅದರ ಎಂಟರಷ್ಟು, ಸಲ್ಲುವುದು ಕಾಡಿನೊಡೆಯರಿಗೆ,
ಕೊಡಲಾಗದಿದ್ದರೆ
ಅವರ ಕಾಡಿನಲ್ಲೇ ನಾಲ್ಕು ದಿನ ಬಿಟ್ಟಿ.

ನ್ಯಾಯಾಧೀಶರು ಕೆಟ್ಟವರಲ್ಲ. ಅವರಿಗೆ ಕೆಮ್ಮು.
ಒಲೆ ಆರುತ್ತಿದೆ ನೋಡೋ, ಎಂದರು.
ಜವಾನ ಹುಡುಗ ಹೊಸಬ, ಅತ್ತಿತ್ತ ಹುಡುಕಿ
ಮೇಜಿನ ಕೆಳಗಿದ್ದ ಹೊರೆ ಬಿಚ್ಚಿ
ಒಂದೊಂದೇ ಮುರಿದು ಒಡ್ಡಿದ.
ಪಟಪಟನೆ ಹತ್ತಿಕೊಂಡಿತು ಸಾಕ್ಷ್ಯ.
ಕೋಣೆಯಲ್ಲಿದ್ದವರೆಲ್ಲ ತುಸು ಹತ್ತಿರ ಸರಿದೆವು.
ಅವಳೂ ಕೈ ಚಾಚಿದಳು.
ಚಾಚಬೇಡ ಎನ್ನಲು ಯಾರಿಗೂ ತೋಚಲಿಲ್ಲ.

ಉಳಿದದ್ದನ್ನು ಊರು ನೋಡಿಕೊಂಡಿತು.
ಬ್ರೆಡ್ಡಿನವ ಉದ್ರಿ ನಿಲ್ಲಿಸಿದ.
ಇಗರ್ಜಿಯಲ್ಲಿ ಅವಳ ಬೆಂಚಿನ ಮೇಲೆ ಜಾಗ ಹೆಚ್ಚಾಯಿತು.
ಅವಳಿಗೆ ಬಟ್ಟೆ ಒಗೆಯಲು ಹಾಕುತ್ತಿದ್ದ ನನ್ನ ಹೆಂಡತಿ
ಅಂಗಿಗಳನ್ನು ಎಣಿಸಿ ಕೊಡತೊಡಗಿದಳು.
ಎಣಿಸಬೇಡ ಎನ್ನಲಿಲ್ಲ ನಾನು.
ಕಡ್ಡಿಗೆ ಹೋದ ಮಾನ ಕಾಡು ಕೊಟ್ಟರೂ ಬಂದೀತೆ?

ಮಾರ್ಚಿನಲ್ಲಿ ಮತ್ತೆ ಬಂದಳು.
ಈ ಸಲ ಮೇಜಿನ ಮೇಲೆ ಕೊಡಲಿ.
ಹಸಿ ಬೀಚ್, ತೊಡೆ ಗಾತ್ರ, ಬುಡಕ್ಕೇ ಕಡಿದದ್ದು.
ಯಾಕಮ್ಮಾ, ಎಂದರು ನ್ಯಾಯಾಧೀಶರು, ನಿಜವಾಗಿ ನೊಂದು.
ಸಂತೆಯಲ್ಲಿ ಚೌಕಾಸಿ ಮಾಡುವಂತೆ ಅವಳು ಲೆಕ್ಕ ಒಪ್ಪಿಸಿದಳು:
ಬಿದ್ದದ್ದಕ್ಕೂ ಅದೇ ಹೆಸರು, ನಿಂತದ್ದಕ್ಕೂ ಅದೇ ಹೆಸರು.
ಹಾಗಾದರೆ ಬಗ್ಗುವುದೇಕೆ ಸ್ವಾಮಿ?
ನನಗೆ ಸೊಂಟ ನೋವು.

ಕಾವಲುಗಾರ ನಕ್ಕ. ಹಸಿ ಮರ ಕಣೇ ಹೆಡ್ಡಿ,
ಬರೀ ಹೊಗೆ.
ಗೊತ್ತು, ಅಂದಳು. ಇದು ಬರುವ ಚಳಿಗೆ.

ಪುಸ್ತಕದಲ್ಲಿ ಡಿಸೆಂಬರಿನ ಹಾಳೆಗೆ ತಿರುವಿ
ಹಳೆಯ ಸಾಲು ನೋಡಿಕೊಂಡು ಬರೆದೆ.
ಹೆಸರು, ಸದರಿ. ವಾಸ, ಸದರಿ.
ಅಪರಾಧ, ಸದರಿ.
ಮಸಿ ಹೆಪ್ಪುಗಟ್ಟುತ್ತಿತ್ತು.
ಒಲೆ ಆರಿ ಬಹಳ ಹೊತ್ತಾಗಿತ್ತು,
ಜವಾನ ಹುಡುಗ ಮೇಜಿನ ಕೆಳಗೆ ಇಣುಕಿ
ಸುಮ್ಮನೆ ಎದ್ದು ನಿಂತ.